ನಿಧಾನಣ್ಣ ಕಾರು ಓಡಿಸದ ಸಂಜೆ

ಅವನ ಬಸ್ಸು ಹತ್ತಿದವರಿಗೆ ಎರಡು ವಿಷಯ ಖಾತ್ರಿ ಇರುತ್ತಿತ್ತು. ಕೈಯಲ್ಲಿ ಹಿಡಿದ ಟೀ ತುಳುಕುವುದಿಲ್ಲ, ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ತಲುಪುವುದೂ ಇಲ್ಲ. ತಿರುವಿನಲ್ಲಿ ಅವನು ಬಸ್ಸನ್ನು ತೊಟ್ಟಿಲು ತೂಗಿದ ಹಾಗೆ ತಿರುಗಿಸುತ್ತಿದ್ದ. ಮುದುಕಿಯೊಬ್ಬಳು ದೂರದಲ್ಲಿ ಕೈಯೆತ್ತಿದರೆ ಅವಳು ಬಂದು ಮೆಟ್ಟಿಲು ಹತ್ತಿ ಸೀಟು ಹಿಡಿಯುವವರೆಗೆ ಕಾಯುತ್ತಿದ್ದ. ಅವನ ಜೊತೆಗಿದ್ದ ಕಂಡಕ್ಟರ್ ಬೇಸತ್ತು ಇಟ್ಟ ಹೆಸರು ನಿಧಾನಣ್ಣ. ಆ ಹೆಸರು ಡಿಪೋದಿಂದ ಬೀದಿಗೆ, ಬೀದಿಯಿಂದ ಮನೆಗೆ ಬಂದು ಕೂತುಬಿಟ್ಟಿತು. ಮಗಳು ಕೂಡ ಸಿಟ್ಟು ಬಂದಾಗ, "ಅಪ್ಪ ಅಲ್ಲ ನೀನು, ನಿಧಾನಣ್ಣ" ಎನ್ನುತ್ತಿದ್ದಳು.

ಕುಡಿಯುವ ಅಭ್ಯಾಸ ಅವನಿಗೆ ಇತ್ತು ಎಂದರೂ ತಪ್ಪಲ್ಲ, ಇರಲಿಲ್ಲ ಎಂದರೂ ತಪ್ಪಲ್ಲ. ರಜೆಯ ದಿನ, ಜೊತೆಗೆ ಯಾರಾದರೂ ಇದ್ದರೆ, ಊಟಕ್ಕೆ ಮೊದಲು ಒಂದೆರಡು. ಕುಡಿದು ಗಾಡಿ ಮುಟ್ಟಿದವನಲ್ಲ. ಕುಡಿದು ಸ್ಟೀರಿಂಗ್ ಹಿಡಿಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದ್ದರಿಂದಲೇ, ಆ ಬೆಳಿಗ್ಗೆ ಡಿಪೋ ಗೇಟಿನಲ್ಲಿ ನಡೆದದ್ದನ್ನು ಅವನಿಗೆ ಬಹಳ ದಿನ ಅರಗಿಸಿಕೊಳ್ಳಲು ಆಗಲಿಲ್ಲ.

ಹಿಂದಿನ ದಿನ ಹಿರಿಯ ಮೆಕ್ಯಾನಿಕ್ ಒಬ್ಬ ನಿವೃತ್ತನಾಗಿದ್ದ. ಡಿಪೋದವರೆಲ್ಲ ಸೇರಿ ಹೋಟೆಲಿನ ಮಹಡಿಯಲ್ಲಿ ಅವನಿಗೊಂದು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಭಾಷಣ ಮುಗಿಯಿತು, ಊಟ ಮುಗಿಯಿತು, ಬಾಟಲಿಗಳು ಮಾತ್ರ ಮುಗಿಯಲಿಲ್ಲ. ಮೆಕ್ಯಾನಿಕ್ ಒಬ್ಬೊಬ್ಬರನ್ನೇ ತಬ್ಬಿಕೊಂಡು, "ಇನ್ನೊಂದು ತಗೋಳೋ, ಇನ್ಮೇಲೆ ನಾನೆಲ್ಲಿ ನೀನೆಲ್ಲಿ" ಎಂದು ಸುರಿಯುತ್ತಿದ್ದ. ನಿಧಾನಣ್ಣ ಬೇಡ ಎನ್ನಲಾರದೆ ಕುಡಿದ. ಮನೆಗೆ ಬಂದು ಸತ್ತವನ ಹಾಗೆ ಮಲಗಿದ. ಬೆಳಗಿನ ಪಾಳಿಗೆ ಎದ್ದು ತಣ್ಣೀರು ಸುರಿದುಕೊಂಡ, ಎರಡು ಸಲ ಹಲ್ಲುಜ್ಜಿದ, ಹಾಲು ಹಾಕದ ಕಡು ಕಾಫಿ ಕುಡಿದ. ಕನ್ನಡಿಯಲ್ಲಿ ಕಣ್ಣು ಕೆಂಪಾಗಿರಲಿಲ್ಲ. ಕೈ ಚಾಚಿ ನೋಡಿಕೊಂಡ, ಬೆರಳು ಅಲುಗಲಿಲ್ಲ.

ಗೇಟಿನಲ್ಲಿ ಕಾವಲುಗಾರ ಊದುವ ಯಂತ್ರ ಹಿಡಿದು ನಿಂತಿದ್ದ. "ನಿಮ್ದೇನಣ್ಣ, ಸುಮ್ನೆ ಶಾಸ್ತ್ರಕ್ಕೆ ಊದ್ಬಿಡಿ" ಎಂದು ನಕ್ಕ. ನಿಧಾನಣ್ಣ ಊದಿದ. ಯಂತ್ರ ಕೂಗಿತು. ಕಾವಲುಗಾರ ಅದನ್ನು ತೊಡೆಗೆ ತಟ್ಟಿ, "ಕೆಟ್ಟಿರಬೇಕು, ಇನ್ನೊಂದ್ಸಲ" ಎಂದ. ಮತ್ತೆ ಕೂಗಿತು. ಹಿಂದೆ ಸಾಲಿನಲ್ಲಿ ನಿಂತಿದ್ದವರು ಕತ್ತು ಚಾಚಿ ನೋಡಿದರು.

"ನಿನ್ನೆ ಕುಡಿದಿದ್ದು ಮಾರಾಯ! ಇವತ್ತು ಕಾಫಿ ಬಿಟ್ಟು ಬೇರೇನೂ ಮುಟ್ಟಿಲ್ಲ!" ಎಂದ ನಿಧಾನಣ್ಣ.

ಡಿಪೋದ ಡಾಕ್ಟರು ಅವನನ್ನು ಕೂರಿಸಿಕೊಂಡು ಮಾತಾಡಿದರು. ಅವರು ಬೈಯಲಿಲ್ಲ. "ನೀವು ನಿದ್ದೆ ಮಾಡಿದ್ರಿ, ಹೌದು. ನಿಮ್ಮ ಪಿತ್ತಜನಕಾಂಗಕ್ಕೆ ನಿದ್ದೆ ಗಿದ್ದೆ ಗೊತ್ತಿಲ್ಲ. ಅದು ತನ್ನ ಪಾಡಿಗೆ ಕುಡಿದಿದ್ದನ್ನ ಸುಡ್ತಾ ಹೋಗತ್ತೆ. ಒಂದು ಸಣ್ಣ ಪೆಗ್ಗಿಗೆ ಹೆಚ್ಚುಕಮ್ಮಿ ಒಂದು ಗಂಟೆ. ಕೆಲವರಿಗೆ ಅದಕ್ಕಿಂತ ಜಾಸ್ತಿನೇ ಬೇಕು. ಎಷ್ಟು ಕುಡಿದ್ರಿ?"

"ಲೆಕ್ಕ ಇಟ್ಟಿಲ್ಲ ಸಾರ್."

"ಲೆಕ್ಕ ಇಡದಷ್ಟು ಕುಡಿದ್ರೆ ಬೆಳಗಾಗೋದ್ರಲ್ಲಿ ಇಳಿಯಲ್ಲ."

"ತಣ್ಣೀರು ಸ್ನಾನ ಮಾಡಿದೆ, ಕಾಫಿ ಕುಡಿದೆ..."

"ಅದರಿಂದ ಎಚ್ಚರ ಆಗತ್ತೆ, ಅಷ್ಟೆ. ಮಲಗಿದ್ದ ಕುಡುಕ ಎದ್ದು ಕೂತ ಹಾಗೆ."

"ನನ್ನ ಕೈ ನಡುಗ್ತಿರಲಿಲ್ಲ ಸಾರ್. ನಾನು ಸರಿಯಾಗೇ ಇದ್ದೆ."

ಡಾಕ್ಟರು ಕನ್ನಡಕ ತೆಗೆದು ಅವನನ್ನೇ ನೋಡಿದರು. "ಸರಿಯಾಗಿದೀನಿ ಅನ್ನಿಸೋದೇ ಅದರ ಆಟ. ನಿಮಗೆ ಅನ್ನಿಸಿದ್ದು ಸಾಕ್ಷಿ ಆಗಲ್ಲ."

ತಿಂಗಳುಗಟ್ಟಲೆ ಅಮಾನತಾಯಿತು. ಅವನ ಹೆಂಡತಿ ಶಾಲೆಯ ಚೀಲಗಳನ್ನು ಹೊಲಿಯುವ ಕಾರ್ಖಾನೆಯಲ್ಲಿ ಜಿಪ್ಪು ಕೂರಿಸುವ ಕೆಲಸ ಮಾಡುತ್ತಿದ್ದಳು. ಅವಳು ಬೆಳಿಗ್ಗೆ ಹೋಗುವಾಗ ಇವನು ಕಿಟಕಿಯ ಬಳಿ ಕೂತಿರುತ್ತಿದ್ದ, ಸಂಜೆ ಬರುವಾಗಲೂ ಅಲ್ಲೇ ಕೂತಿರುತ್ತಿದ್ದ. ಮಗಳ ತರಗತಿಯಲ್ಲಿ ಯಾರೋ, "ನಿಮ್ಮಪ್ಪ ಬಸ್ಸಲ್ಲಿ ಕುಡಿದು ಸಿಕ್ಕಿಬಿದ್ರಂತೆ" ಎಂದಿದ್ದರು. ಅವಳು ಮನೆಗೆ ಬಂದು ಚೀಲ ಎಸೆದಳೇ ಹೊರತು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದುಕೊಂಡ.

ಮತ್ತೆ ಬಸ್ಸು ಕೈಗೆ ಬಂದ ಮೇಲೆ ಅವನು ತನಗೆ ತಾನೇ ಒಂದು ಕಟ್ಟುಪಾಡು ಹಾಕಿಕೊಂಡ. ಮರುದಿನವೂ ರಜೆ ಇದ್ದರೆ ಮಾತ್ರ ಗುಟುಕು. ಕುಡಿದ ದಿನ ಮಗಳ ಸೈಕಲ್ಲನ್ನೂ ಮುಟ್ಟುವುದಿಲ್ಲ.

ಇದನ್ನು ಕೇಳಿ ಬಿದ್ದು ಬಿದ್ದು ನಕ್ಕವನು ಅವನ ಭಾವ, ಹೆಂಡತಿಯ ಅಣ್ಣ. ಭಾವ ಕ್ಷೌರಿಕ. ಮುಖ್ಯರಸ್ತೆಯ ಬಸ್ ಸ್ಟಾಪಿನ ಎದುರಿಗೇ ಮೂರು ಕುರ್ಚಿಯ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ನಿಧಾನಣ್ಣನ ಬಸ್ಸು ದಿನಕ್ಕೆ ಹತ್ತಾರು ಸಲ ಅಲ್ಲಿ ನಿಲ್ಲುತ್ತಿತ್ತು. ಭಾವ ಯಾರದೋ ಗಲ್ಲಕ್ಕೆ ನೊರೆ ಹಚ್ಚುತ್ತಲೇ ಬಾಗಿಲಿಗೆ ಬಂದು, "ಏನ್ ಡ್ರೈವರ್ ಸಾಹೇಬ್ರೇ, ಇವತ್ತಾದ್ರೂ ಊದಿದ್ರಾ?" ಎಂದು ಕೂಗುತ್ತಿದ್ದ. ಬಸ್ಸಿನಲ್ಲಿದ್ದವರು ನಗುತ್ತಿದ್ದರು. ಭಾವನ ಮಾತಿಗೆ ಯಾರೂ ಸಿಟ್ಟಾಗುತ್ತಿರಲಿಲ್ಲ. ಅವನ ಕೈಯೂ ಹಾಗೇ. ನಿದ್ದೆ ಹೋದ ಮಗುವಿನ ತಲೆಗೂದಲನ್ನು ಅದು ಏಳದ ಹಾಗೆ ಕತ್ತರಿಸುತ್ತಿದ್ದ.

ಆ ಭಾನುವಾರ ಭಾವನ ಮನೆಯಲ್ಲಿ ಊಟ. ಮರುದಿನ ನಿಧಾನಣ್ಣನಿಗೆ ರಜೆ ಇತ್ತು. ಗಂಡಸರಿಬ್ಬರೂ ಹಿತ್ತಲಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತರು. ಊಟಕ್ಕೆ ಮೊದಲು ಎರಡು ಸುತ್ತು, ಊಟದ ಜೊತೆ ಒಂದು. ಭಾವ ಅಂಗಡಿಗೆ ಬರುವ ಬೊಕ್ಕತಲೆಯವನೊಬ್ಬನ ಕಥೆ ಹೇಳಿದ. ಅವನು ತಿಂಗಳಿಗೊಮ್ಮೆ ತಪ್ಪದೆ ಬಂದು, "ಮೇಲೆ ಜಾಸ್ತಿ ತೆಗೀಬೇಡ" ಎನ್ನುತ್ತಾನಂತೆ. ಊಟ ಮುಗಿದ ಮೇಲೆ ಬಾಟಲಿ ಒಳಗೆ ಹೋಯಿತು. ಹೆಂಗಸರು ಪಾತ್ರೆ ತೊಳೆದು ಬಂದು ಕೂತರು. ಮಗಳು ಗೆಳತಿಯ ಮನೆಗೆ ಹೋದಳು. ನಿಧಾನಣ್ಣ ಚಾಪೆಯ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರೂ ಟೀ ಕುಡಿಯುತ್ತಿದ್ದರು. ಭಾವ ಏನೋ ಹೇಳಲು ಹೋದ, ಮಾತು ತೊದಲಿತು. ಇನ್ನೊಮ್ಮೆ ಹೇಳಲು ನೋಡಿದ, ಇನ್ನಷ್ಟು ತೊದಲಿತು.

"ನೋಡಿ, ನಿಮ್ಮಣ್ಣಂಗೆ ಈಗ ಏರ್ತಾ ಇದೆ" ಎಂದಳು ಭಾವನ ಹೆಂಡತಿ, ನಾದಿನಿಯ ತೋಳು ತಟ್ಟಿ ನಗುತ್ತಾ.

ಎಲ್ಲರೂ ನಕ್ಕರು. ನಿಧಾನಣ್ಣನೂ ನಕ್ಕ. "ಭಾವ, ಊದ್ತೀಯಾ? ಕಾವಲುಗಾರನ್ನ ಕರೀಲಾ?" ಎಂದ. ಭಾವನೂ ನಕ್ಕ ಹಾಗೆ ಕಂಡಿತು. ತುಟಿ ಒಂದೇ ಕಡೆಗೆ ಹೋಗಿತ್ತು. ಅದನ್ನು ನೋಡಿ ಅವರು ಇನ್ನಷ್ಟು ನಕ್ಕರು. ಭಾವ ಟೀ ಲೋಟ ಎತ್ತಲು ಹೋದಾಗ ಅದು ಬಲಗೈಯಿಂದ ಜಾರಿ ಅವನ ತೊಡೆಯ ಮೇಲೆ ಬಿತ್ತು. ಬಿಸಿ ಟೀ ಬಟ್ಟೆಯಲ್ಲಿ ಹರಡಿದರೂ ಅವನು ಕೂಗಲಿಲ್ಲ. ತನ್ನ ಕೈಯನ್ನು ಬೇರೆ ಯಾರದ್ದೋ ಕೈ ನೋಡುವ ಹಾಗೆ ನೋಡುತ್ತಿದ್ದ.

ಮೊದಲು ಎದ್ದವಳು ನಿಧಾನಣ್ಣನ ಹೆಂಡತಿ. "ಇದು ಕುಡಿದಿದ್ದಲ್ಲ" ಎಂದಳು. "ರೀ, ಇದು ಕುಡಿದಿದ್ದಲ್ಲ. ಅಣ್ಣನ ಬಾಯಿ ನೋಡಿ!"

ಭಾವನಿಗೆ ಒಂದು ಹಳೆಯ ಕಾರಿತ್ತು. ಓಣಿಯಲ್ಲಿ ಗೋಡೆಗೆ ಒತ್ತಿ ನಿಂತಿರುತ್ತಿತ್ತು. ಅವನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅವನ ಹೆಂಡತಿ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಕೀಲಿಯನ್ನು ನಿಧಾನಣ್ಣನ ಕೈಗೆ ತುರುಕಿದಳು. ಹೆಂಗಸರಿಬ್ಬರಿಗೂ ಓಡಿಸಲು ಬರುತ್ತಿರಲಿಲ್ಲ. ಅವನು ಡ್ರೈವರ್ ಸೀಟಿನಲ್ಲಿ ಕೂತ, ಕೀಲಿ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಎದುರಿಗೆ ಉದ್ದ ಓಣಿ, ಭಾನುವಾರದ ಮಕ್ಕಳು ಚೆಂಡು ಆಡುತ್ತಿದ್ದರು, ಅದರಾಚೆ ಮುಖ್ಯರಸ್ತೆ. ಅವನು ಗೇರಿನ ಮೇಲೆ ಕೈಯಿಟ್ಟು ಬೆರಳು ನೋಡಿದ. ಬೆರಳು ನಡುಗುತ್ತಿರಲಿಲ್ಲ. ತಲೆ ಹಗುರವಾಗಿತ್ತು. ಎಲ್ಲವೂ ಸ್ವಚ್ಛವಾಗಿ ಕಾಣುತ್ತಿತ್ತು. ಅವನಿಗೆ ಹೆದರಿಕೆಯಾದದ್ದು ಅದಕ್ಕೇ. ಆ ಬೆಳಿಗ್ಗೆ ಗೇಟಿನಲ್ಲಿಯೂ ಎಲ್ಲವೂ ಹೀಗೇ ಸ್ವಚ್ಛವಾಗಿ ಕಂಡಿತ್ತು.

ಅವನು ಎಂಜಿನ್ ಆರಿಸಿ ಕೆಳಗಿಳಿದ.

"ಆಗಲ್ಲ ಅಕ್ಕ."

"ಏನಾಗಲ್ಲ?" ಭಾವನ ಹೆಂಡತಿಗೆ ಅರ್ಥವಾಗಲಿಲ್ಲ.

"ನಾನು ಕುಡಿದಿದೀನಿ. ನಾನು ಓಡಿಸಬಾರದು. ಆಂಬುಲೆನ್ಸಿಗೆ ಫೋನ್ ಮಾಡ್ತೀನಿ."

"ಅಣ್ಣಾ, ಕುಡಿದಿದ್ದು ಮಧ್ಯಾಹ್ನ! ಚೆನ್ನಾಗೇ ಇದೀರಲ್ಲ, ನಿಂತಿದೀರಲ್ಲ, ಮಾತಾಡ್ತಿದೀರಲ್ಲ!"

"ಅನ್ನಿಸತ್ತೆ ಅಕ್ಕ. ಇಳಿದಿರಲ್ಲ. ದಾರಿಲಿ ಏನಾದ್ರೂ ಆದ್ರೆ ನೀವೆಲ್ಲ ಹಿಂದಿರ್ತೀರ, ಮುಂದೆ ಮಕ್ಕಳಿದಾರೆ."

"ರೀ!" ಎಂದಳು ಅವನ ಹೆಂಡತಿ. ಅವಳ ಧ್ವನಿಯಲ್ಲಿ ಅವನು ಎಂದೂ ಕೇಳದ ಒಂದು ಬಗೆಯಿತ್ತು. "ದಿನಾ ನೂರಾರು ಜನರನ್ನ ಹೊತ್ಕೊಂಡು ತಿರುಗ್ತೀರ. ನಮ್ಮಣ್ಣನ್ನ ಒಬ್ಬನ್ನ ಕರ್ಕೊಂಡು ಹೋಗಕ್ಕೆ ಆಗಲ್ವಾ?"

ಅವನು ಫೋನಿನಲ್ಲಿ ವಿಳಾಸ ಹೇಳುತ್ತಲೇ ಮುಖ್ಯರಸ್ತೆಗೆ ಓಡಿದ. ಆಂಬುಲೆನ್ಸು ಊರಿನ ಇನ್ನೊಂದು ತುದಿಯಿಂದ ಬರಬೇಕಿತ್ತು. ಅವನು ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದ. ಟ್ಯಾಕ್ಸಿಯೊಂದು ನಿಂತಿತು. ಕಿಟಕಿಗೆ ಬಗ್ಗಿ, "ಎಮರ್ಜೆನ್ಸಿ, ಓಣಿ ಒಳಗಿದಾರೆ" ಎನ್ನುವಷ್ಟರಲ್ಲಿ ಡ್ರೈವರ್ ಮೂಗು ಸಿಂಡರಿಸಿದ. "ಹೋಗ್ರಿ, ಹೋಗಿ ಮಲಕ್ಕೊಳ್ಳಿ" ಎಂದು ಗಾಜು ಏರಿಸಿದ. ಇನ್ನೊಂದು ನಿಲ್ಲದೆಯೇ ಹೋಯಿತು. ಮತ್ತೊಬ್ಬ, ಕುಡುಕನೆಂದು ತಿಳಿದು, ಅವನನ್ನು ಸುತ್ತುಹಾಕಿ ಹೋದ. ಕೊನೆಗೆ ಕುಡಿಯುವ ನೀರಿನ ಕ್ಯಾನು ಹಂಚುವ ವ್ಯಾನಿನವನು ನಿಲ್ಲಿಸಿದ. ಅವನು ಏನೂ ಕೇಳಲಿಲ್ಲ. ಹಿಂದಿದ್ದ ಕ್ಯಾನುಗಳನ್ನೆಲ್ಲ ರಸ್ತೆಬದಿಗೆ ಇಳಿಸಿ ಜಾಗ ಮಾಡಿದ.

ಭಾವನನ್ನು ವ್ಯಾನಿಗೆ ಹತ್ತಿಸುವಾಗ ಅವನ ಹೆಂಡತಿ ನಿಧಾನಣ್ಣನ ಕೈಯನ್ನು ತಳ್ಳಿದಳು. "ಮುಟ್ಟಬೇಡಿ" ಎಂದಳು.

ಭಾವ ಉಳಿದ. ಆದರೆ ಬಲಗೈ ಉಳಿಯಲಿಲ್ಲ. ಕಾಲು ಎಳೆದುಕೊಂಡು ನಡೆಯುವಷ್ಟು ಬಂತು, ಮಾತು ಅರ್ಧಂಬರ್ಧ ಬಂತು, ಕೈ ಮಾತ್ರ ಭುಜದಿಂದ ನೇತುಬಿದ್ದ ಹಾಗೇ ಇತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು, "ಸ್ಟ್ರೋಕ್‌ನಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಬೇಗ ಬಂದಿದ್ರೆ ಇನ್ನಷ್ಟು ಉಳಿಸಬಹುದಿತ್ತೇನೋ. ಖಚಿತವಾಗಿ ಹೇಳಕ್ಕಾಗಲ್ಲ" ಎಂದರು. ಭಾವನ ಹೆಂಡತಿಗೆ ಕೇಳಿಸಿದ್ದು ಮೊದಲ ಎರಡು ಮಾತು. ಕೊನೆಯದು ಅವಳ ಕಿವಿಗೆ ಬೀಳಲಿಲ್ಲ.

"ಕೇಳಿಸ್ತಾ?" ಎಂದು ಅವಳು ಎಲ್ಲರ ಎದುರಿಗೆ ನಿಧಾನಣ್ಣನ ಕಡೆ ತಿರುಗಿದಳು. "ಕೀಲಿ ನಿಮ್ಮ ಕೈಯಲ್ಲಿತ್ತು. ಎಂಜಿನ್ ಶುರುವಾಗಿತ್ತು. ಇವರ ಹೊಟ್ಟೆಪಾಡು ಆ ಕೈಯಲ್ಲಿತ್ತು, ಅಣ್ಣ."

ಅವನ ನಾಲಿಗೆಯ ತುದಿಗೆ ಒಂದು ಮಾತು ಬಂತು. ಹಿತ್ತಲಲ್ಲಿ ನಾವು ನಗುತ್ತಾ ಕೂತ ಹೊತ್ತೂ ಇತ್ತಲ್ಲ ಅಕ್ಕ, ಎಂದು. ಮೊದಲು ನಕ್ಕವಳು ಅವಳೇ. ಅದನ್ನು ಹೇಳಿಬಿಟ್ಟರೆ ತನ್ನ ಎದೆಯ ಭಾರ ಅರ್ಧ ಇಳಿಯುತ್ತದೆ, ಅವಳ ಎದೆಯ ಮೇಲೆ ಅದರ ಎರಡರಷ್ಟು ಬೀಳುತ್ತದೆ ಎಂದು ಅವನಿಗೆ ತಿಳಿದಿತ್ತು. ಬಾಯಿ ಮುಚ್ಚಿಕೊಂಡ. ಆಮೇಲೂ ಎಂದೂ ಹೇಳಲಿಲ್ಲ.

ಮನೆಯಲ್ಲಿ ಮಾತು ಕಡಿಮೆಯಾಯಿತು. ಹೆಂಡತಿ ಜಗಳವಾಡಲಿಲ್ಲ. ಊಟಕ್ಕಿಟ್ಟಳು, ಬಟ್ಟೆ ಮಡಚಿಟ್ಟಳು. "ರೀ" ಎಂದು ಕರೆಯುವುದು ಮಾತ್ರ ನಿಂತಿತು. ಏನಾದರೂ ಬೇಕಾದರೆ, "ಅಪ್ಪಂಗೆ ಹೇಳು" ಎಂದು ಮಗಳಿಗೆ ಹೇಳುತ್ತಿದ್ದಳು. ಒಂದು ದಿನ ಮಗಳು ಬೇಸತ್ತು, "ಅಮ್ಮ, ಇಲ್ಲೇ ಕೂತಿದಾರೆ, ನೀನೇ ಹೇಳು" ಎಂದಾಗ ಅವಳು ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗಳು ಅಪ್ಪನ ಪಕ್ಕ ಬಂದು ಕೂತು, "ನೀನು ಮಾಡಿದ್ದು ಸರಿ ಅಪ್ಪ" ಎಂದಳು. ಅವಳಿಂದ ಆ ಮಾತು ಕೇಳಬೇಕೆಂದು ಅವನು ಎಷ್ಟೋ ಕಾಲದಿಂದ ಕಾದಿದ್ದ. ಈಗ ಕೇಳಿದಾಗ ಅದು ಎದೆಗೆ ಇಳಿಯಲಿಲ್ಲ. "ಸರಿಯಾಗಿದ್ರೆ ಹೀಗ್ಯಾಕೆ ಆಗ್ತಿತ್ತು ಮಗಳೇ" ಎಂದ.

ಕುಡಿಯುವುದನ್ನು ಪೂರ್ತಿ ಬಿಟ್ಟ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಒಂದು ದಿನ ಪಾಳಿ ಮುಗಿಸಿ ಡಿಪೋ ಡಾಕ್ಟರ ಕೋಣೆಗೆ ಹೋದ. ಅವರು ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದರು.

"ಸಾರ್, ಮಧ್ಯಾಹ್ನ ಊಟದ ಹೊತ್ತಿಗೆ ಮೂರು ಹಾಕಿದವನು, ಹೊಟ್ಟೆ ತುಂಬಾ ಉಂಡವನು, ಸಂಜೆ ಟೀ ಹೊತ್ತಿಗೆ ಗಾಡಿ ಓಡಿಸಬಹುದಾ?"

"ಮೂರು ಅಂದ್ರೆ? ಅಳೆದು ಹಾಕಿದ್ದಾ, ಕೈಯಂದಾಜಾ?"

"ಭಾವ ಹಾಕಿದ್ದು. ಅವನ ಕೈ ಧಾರಾಳ."

"ಹಾಗಾದ್ರೆ ಒಂದಿಷ್ಟು ಉಳಿದಿರತ್ತೆ. ಎಷ್ಟು ಅಂತ ಊದಿಸದೆ ಹೇಳಕ್ಕಾಗಲ್ಲ. ಕಾನೂನಿನ ಮಿತಿ ಒಳಗೇ ಇರಬಹುದು, ಮೀರಿರಲೂಬಹುದು. ಆ ಸ್ಥಿತಿಲಿ ನಾನಂತೂ ಬಸ್ ಕೊಡಲ್ಲ."

"ಬಸ್ಸಲ್ಲ ಸಾರ್. ಹಳೇ ಕಾರು. ಹಿಂದಿನ ಸೀಟಲ್ಲಿ ಭಾವ ಮಲಗಿದ್ದ, ಬಾಯಿ ಸೊಟ್ಟಗಾಗಿತ್ತು."

ಡಾಕ್ಟರು ಚೀಲ ಕೆಳಗಿಟ್ಟು ಮತ್ತೆ ಕುರ್ಚಿಯಲ್ಲಿ ಕೂತರು. ಹೊರಗೆ ಬಸ್ಸು ತೊಳೆಯುವವರು ಪೈಪಿನಲ್ಲಿ ನೀರು ಹೊಡೆಯುವ ಸದ್ದು ಬರುತ್ತಿತ್ತು.

"ನೀವು ಏನ್ ಮಾಡ್ತಿದ್ರಿ ಸಾರ್?"

"ಡಾಕ್ಟರಾಗಿ ಹೇಳೋದಾದ್ರೆ ನೀವು ಮಾಡಿದ್ದೇ ಸರಿ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಲ್ಲಿ ನಾನಿದ್ದಿದ್ರೆ ಏನ್ ಮಾಡ್ತಿದ್ನೋ, ನಿಜವಾಗಿ ನನಗೆ ಗೊತ್ತಿಲ್ಲ."

ಕ್ಷೌರದಂಗಡಿಯನ್ನು ಬೇರೆಯವನೊಬ್ಬ ನಡೆಸತೊಡಗಿದ. ಬಸ್ಸು ಸ್ಟಾಪಿನಲ್ಲಿ ನಿಂತಾಗ ನಿಧಾನಣ್ಣ ಆ ಕಡೆ ತಿರುಗುತ್ತಿರಲಿಲ್ಲ. ಆದರೆ ಭಾನುವಾರದ ಬೆಳಿಗ್ಗೆ ತಪ್ಪದೆ ಅಂಗಡಿಯ ಹಿಂದಿನ ಮನೆಗೆ ಹೋಗುತ್ತಿದ್ದ. ಭಾವನಿಗೆ ಗಡ್ಡ ತೆಗೆಯಲು. ಮೊದಲ ಸಲ ಭಾವನ ಹೆಂಡತಿ ಬಾಗಿಲು ತೆರೆದು, ಅವನನ್ನು ಕಂಡು, ಬಾಗಿಲು ತೆರೆದೇ ಬಿಟ್ಟು ಒಳಗೆ ಹೋದಳು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅಂದಿನಿಂದ ಅದೇ ರೂಢಿಯಾಯಿತು.

ಬದುಕಿಡೀ ಬೇರೆಯವರ ಗಲ್ಲ ಹಿಡಿದವನಿಗೆ ತನ್ನ ಗಲ್ಲ ಒಪ್ಪಿಸುವುದು ಸುಲಭವಾಗಿರಲಿಲ್ಲ. ನಿಧಾನಣ್ಣ ಬ್ಲೇಡು ಹಿಡಿಯುವ ರೀತಿ ನೋಡಿದರೆ ಭಾವನಿಗೆ ಜೀವ ಹೋಗುತ್ತಿತ್ತು. ಎಡಗೈಯಿಂದ ಇವನ ಮಣಿಕಟ್ಟು ಹಿಡಿದು, ಕೋನ ತಿದ್ದಿ, "ಮ್... ಮೇಲಿಂದ... ಕೆಳಗೆ" ಎನ್ನುತ್ತಿದ್ದ. ಒಮ್ಮೆ ಕೆನ್ನೆಯಲ್ಲಿ ರಕ್ತ ಬಂತು. "ಬಸ್... ಅಲ್ಲ... ಇದು" ಎಂದ ಭಾವ. ಇಬ್ಬರೂ ನಕ್ಕರು, ತಕ್ಷಣ ಒಳಗಿನ ಕೋಣೆಯ ಕಡೆ ನೋಡಿ ಸುಮ್ಮನಾದರು.

ಅಂಥದೇ ಒಂದು ಬೆಳಿಗ್ಗೆ, ಕತ್ತಿನ ಬಳಿ ಬ್ಲೇಡು ಇದ್ದಾಗ, ಭಾವ ಕಣ್ಣು ತೆರೆದು ಹೇಳಿದ:

"ನಾನಾಗಿದ್ರೆ... ಓಡಿಸಿ... ಬಿಡ್ತಿದ್ದೆ."

ನಿಧಾನಣ್ಣನ ಕೈ ನಿಂತಿತು. ಅದು ದೂರೋ, ತಮಾಷೆಯೋ, ಬರೀ ನಿಜವೋ, ಆ ಸೊಟ್ಟ ಮುಖದಲ್ಲಿ ಓದಲು ಅವನಿಂದ ಆಗಲಿಲ್ಲ. "ಗೊತ್ತು ಭಾವ" ಎಂದ. ಭಾವ ಮತ್ತೆ ಕಣ್ಣು ಮುಚ್ಚಿ ಕತ್ತು ಎತ್ತಿಕೊಟ್ಟ. ಅವನು ಉಳಿದ ಗಡ್ಡ ತೆಗೆದ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಅವನ ಬಸ್ಸು ದೊಡ್ಡ ಸಿಗ್ನಲ್ಲಿನಲ್ಲಿ ನಿಂತಿತ್ತು. ಮುಂದೆ ಕೆಂಪು ಎಲ್ ಬರೆದ ಡ್ರೈವಿಂಗ್ ಸ್ಕೂಲಿನ ಪುಟ್ಟ ಕಾರು. ಹಸಿರು ಬಂತು. ಕಾರು ಒಮ್ಮೆ ಜಿಗಿದು ಆರಿಹೋಯಿತು. ಮತ್ತೆ ಹತ್ತಿತು, ಮತ್ತೆ ಜಿಗಿದು ಆರಿತು. ಹಿಂದಿನ ಗಾಡಿಗಳೆಲ್ಲ ಹಾರನ್ ಬಾರಿಸತೊಡಗಿದವು. ನಿಧಾನಣ್ಣನ ಬಸ್ಸು ಎತ್ತರ. ಅವನಿಗೆ ಮೇಲಿನಿಂದ ಕಾರಿನ ಒಳಗು ಕಾಣುತ್ತಿತ್ತು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಕೂತವಳು ಭಾವನ ಹೆಂಡತಿ.

"ಹೊಡೀರಿ ಅಣ್ಣ ಹಾರನ್, ಎಷ್ಟೊತ್ತು ಇದು!" ಎಂದ ಕಂಡಕ್ಟರ್. ಪ್ರಯಾಣಿಕರೂ ಗೊಣಗಿದರು.

ಅವನು ಹೊಡೆಯಲಿಲ್ಲ. ಪಕ್ಕದಿಂದ ನುಗ್ಗಲು ನೋಡುತ್ತಿದ್ದ ಬೈಕುಗಳು ಅವಳ ಮೈಮೇಲೆ ಬರದ ಹಾಗೆ ಬಸ್ಸನ್ನು ಸ್ವಲ್ಪ ಅಡ್ಡ ತಂದು ನಿಲ್ಲಿಸಿದ. ಮತ್ತೆ ಕೆಂಪು ಬಂತು, ಮತ್ತೆ ಹಸಿರು. ಈ ಸಲ ಕಾರು ಹತ್ತಿತು, ತಡವರಿಸಿತು, ಸಿಗ್ನಲ್ ದಾಟಿತು. ಅವಳು ಕನ್ನಡಿಯಲ್ಲಿ ನೋಡಿದಳೋ ಇಲ್ಲವೋ ತಿಳಿಯಲಿಲ್ಲ.

ಸಂಜೆ ಮನೆಗೆ ಬಂದು, ಉತ್ತರ ಬರುವ ಆಸೆಯಿಲ್ಲದೆಯೇ, ಗಾಳಿಗೆ ಹೇಳಿದ ಹಾಗೆ ಹೇಳಿದ: "ಇವತ್ತು ಅಕ್ಕನ್ನ ನೋಡಿದೆ. ಕಾರು ಕಲೀತಿದಾರೆ."

ಹೆಂಡತಿ ಬಟ್ಟೆ ಮಡಚುತ್ತಿದ್ದಳು. ತಲೆಯೆತ್ತಲಿಲ್ಲ. ಎಷ್ಟೋ ದಿನಗಳ ಮೇಲೆ ನೇರವಾಗಿ ಅವನಿಗೇ ಮಾತಾಡಿದಳು.

"ನಾನೂ ಸೇರ್ಕೊಂಡಿದೀನಿ. ನಾಳೆಯಿಂದ."

"ನಾನೇ ಕಲಿಸ್ತಿದ್ನಲ್ಲ..."

"ಬೇಡ" ಎಂದಳು ಅವಳು. ಮಡಚಿದ ಅಂಗಿಯನ್ನು ಬಿಡಿಸಿ, ಮತ್ತೆ ಮೊದಲಿನಿಂದ ಮಡಚಿದಳು. "ನಿಮ್ಮ ಹತ್ರ ಬೇಡ."